ಮಗುವಿನ ದುಡ್ಡು: ಹತ್ತಲು ಹೇಳಿದಿರಿ, ಇಳಿಯುವುದು ಯಾವಾಗ?

ಮಾನ್ಯ ಸಂಪಾದಕರೇ,

ಮಕ್ಕಳ ಹೆಸರಿನಲ್ಲಿ ದುಡ್ಡು ಕೂಡಿಡುವುದರ ಬಗ್ಗೆ ಕಳೆದ ವಾರ ನಿಮ್ಮ ಹಣಕಾಸು ಪುಟದಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಒಂದು ಸಲ ನನ್ನ ಪಾಡಿಗೆ ನಾನು, ಇನ್ನೊಂದು ಸಲ ಮಗಳು ಅಳಿಯನ ನಡುವೆ ಕೂತು, ಗಟ್ಟಿಯಾಗಿ. ಬೇಗ ಶುರು ಮಾಡಿ, ಷೇರುಪೇಟೆಗೆ ಹೆದರಬೇಡಿ, ಹದಿನೆಂಟು ವರ್ಷ ದೊಡ್ಡ ಅವಧಿ ಎಂಬುದು ಅದರ ಸಾರ. 'ಕೇಳಿಸ್ತಾ?' ಎಂದು ಮಗಳು ಗಂಡನ ಕಡೆ ತಿರುಗಿದಳು. ಅಳಿಯ ಮಾತಾಡದೆ ಎದ್ದು ಹೋಗಿ ಮಗುವಿನ ಬಾಟಲಿ ತೊಳೆಯತೊಡಗಿದರು. ತೊಳೆದಿಟ್ಟ ಬಾಟಲಿಯನ್ನೇ ಇನ್ನೊಮ್ಮೆ ತೊಳೆಯುತ್ತಿದ್ದರು, ನಾನು ನೋಡಿದೆ.

ಮೊಮ್ಮಗಳಿಗೆ ಈಗ ಎಂಟು ತಿಂಗಳು. ಅವಳು ಹುಟ್ಟಿದಾಗ ಹಿರಿಯರೆಲ್ಲ ಕೊಟ್ಟ ದುಡ್ಡು ಎಂಟು ತಿಂಗಳಿಂದಲೂ ಉಳಿತಾಯ ಖಾತೆಯಲ್ಲಿ ಬಿದ್ದುಕೊಂಡಿದೆ. ಠೇವಣಿಯಲ್ಲಿಡಬೇಕು ಎಂದು ಅಪ್ಪ, ಷೇರು ಫಂಡಿಗೆ ಹಾಕಬೇಕು ಎಂದು ಅಮ್ಮ. ಇಬ್ಬರ ಜಗಳದಲ್ಲಿ ಅದು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ನಿಮ್ಮ ಲೇಖಕರು ತಪ್ಪು ಬರೆದಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಅರ್ಧ ಬರೆದು ನಿಲ್ಲಿಸಿದ್ದಾರೆ. ದುಡ್ಡನ್ನು ಎಲ್ಲಿಡಬೇಕು ಎಂದು ಒಂದು ಪುಟ ಹೇಳಿದವರು, ಅಲ್ಲಿಂದ ಯಾವಾಗ ತೆಗೆಯಬೇಕು ಎಂದು ಒಂದು ಸಾಲನ್ನೂ ಬರೆದಿಲ್ಲ. ಅದು ಯಾಕೆ ದೊಡ್ಡ ಲೋಪ ಎಂದು ತಿಳಿಸಬೇಕಾದರೆ ನಮ್ಮ ಮನೆಯ ಮತ್ತು ಬೀಗರ ಮನೆಯ ಕಥೆ ಹೇಳಬೇಕು.

ಮೊದಲು ನನ್ನದು. ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು. ಚಕ್ರಬಡ್ಡಿಯ ಸೂತ್ರವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದೇನೋ. ಮಗಳು ಹುಟ್ಟಿದ ವರ್ಷವೇ ಅವಳ ಹೆಸರಿನಲ್ಲಿ ಠೇವಣಿ ಇಟ್ಟೆ. ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಒಂದೊಂದು. ಅದಕ್ಕೆಂದೇ ಒಂದು ನೋಟ್‌ಬುಕ್ ಮಾಡಿ, ಗೆರೆ ಎಳೆದು, ನಾಲ್ಕು ಕಾಲಮ್ಮು ಹಾಕಿದ್ದೆ: ದಿನಾಂಕ, ಅಸಲು, ಬಡ್ಡಿ ದರ, ಮುಕ್ತಾಯದ ದಿನ. ನವೀಕರಣವಾದಾಗಲೆಲ್ಲ ಕೆಂಪು ಶಾಯಿಯಲ್ಲಿ ಒಂದು ಗುರುತು. ಆ ನೋಟ್‌ಬುಕ್ ತಗಡಿನ ಡಬ್ಬಿಯಲ್ಲಿ ಈಗಲೂ ಇದೆ, ಈ ಪತ್ರಕ್ಕಾಗಿ ಹೊರತೆಗೆದೆ. ಅಸಲಿನ ಕಾಲಮ್ಮು ಮೇಲಿನಿಂದ ಕೆಳಕ್ಕೆ ಬೆಳೆಯುತ್ತ ಹೋಗುತ್ತದೆ, ನೋಡಲು ಚೆಂದ. ಪಕ್ಕದ ಬಡ್ಡಿ ದರದ ಕಾಲಮ್ಮು ಮೆಟ್ಟಿಲಿಳಿದ ಹಾಗೆ ಇಳಿಯುತ್ತ ಹೋಗುತ್ತದೆ. ಹದಿನೆಂಟು ವರ್ಷ ನಾನು ನೋಡುತ್ತಿದ್ದದ್ದು ಅಸಲಿನ ಕಾಲಮ್ಮು ಮಾತ್ರ.

ಐದನೆಯ ಕಾಲಮ್ಮು ಒಂದಿರಬೇಕಿತ್ತು, ನಾನು ಹಾಕಿರಲಿಲ್ಲ. ಓದಿನ ಖರ್ಚು ಆ ವರ್ಷ ಎಷ್ಟಿದೆ ಎಂಬುದು. ಅದನ್ನು ಬರೆದುಕೊಂಡಿದ್ದರೆ ನಾಲ್ಕನೆಯ ವರ್ಷಕ್ಕೇ ಗೊತ್ತಾಗುತ್ತಿತ್ತು, ನನ್ನ ದುಡ್ಡು ನಡೆಯುತ್ತಿದೆ, ಶುಲ್ಕ ಓಡುತ್ತಿದೆ ಎಂದು. ಲೆಕ್ಕ ಕಷ್ಟದ್ದೇನಲ್ಲ. ಇವತ್ತು ನೂರು ಇಡುತ್ತೀರಿ, ವರ್ಷಕ್ಕೆ ಶೇ 5ರಂತೆ ಬೆಳೆಯುತ್ತದೆ, ಹದಿನೆಂಟು ವರ್ಷಕ್ಕೆ 241 ಆಗುತ್ತದೆ. ಇವತ್ತು ನೂರು ಇರುವ ಶುಲ್ಕ ವರ್ಷಕ್ಕೆ ಶೇ 7ರಂತೆ ಏರಿದರೆ ಅದೇ ಹೊತ್ತಿಗೆ 338. ವರ್ಷಕ್ಕೆ ಎರಡೇ ಎರಡು ಶೇಕಡಾ ವ್ಯತ್ಯಾಸ, ಕೊನೆಯಲ್ಲಿ ನೂರಕ್ಕೆ ಇಪ್ಪತ್ತೊಂಬತ್ತು ಪಾಲು ಕೊರತೆ. ಬಡ್ಡಿಗೆ ತೆರಿಗೆ ಕಟ್ಟಬೇಕಾದವರಿಗೆ ಇನ್ನೂ ಹೆಚ್ಚು. ನನ್ನ ಮಗಳ ವಿಷಯದಲ್ಲಿ ಮೂರನೆಯ ವರ್ಷದ ಶುಲ್ಕ ಕಟ್ಟುವ ಹೊತ್ತಿಗೆ ಡಬ್ಬಿ ಖಾಲಿ. ಒಂದು ಪೈಸೆಯೂ ಕಳೆದಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ, ಎಲ್ಲ ಕೆಂಪು ಗುರುತುಗಳೂ ಸರಿಯಾಗಿದ್ದವು. ದುಡ್ಡು ಮಾತ್ರ ಸಾಲಲಿಲ್ಲ. ಮಗಳು ಸಂಜೆ ಹೊತ್ತು ಪಾಠ ಹೇಳಿ ಉಳಿದದ್ದನ್ನು ಹೊಂದಿಸಿಕೊಂಡಳು. ಅವಳು ಅದನ್ನು ಎಂದೂ ಎತ್ತಿ ಆಡಿಲ್ಲ, ಆದರೆ ಠೇವಣಿ ಎಂಬ ಮಾತು ಬಂದರೆ ಅವಳ ಹುಬ್ಬು ಏರುತ್ತದೆ.

ಠೇವಣಿಯಲ್ಲಿರುವ ದುಡ್ಡಿಗೆ ಅಪಾಯವಿಲ್ಲ ಎನ್ನುವವರಿಗೆ ಇಷ್ಟು ಸಾಕು. ಅಪಾಯ ಇದೆ, ನಿಧಾನವಾಗಿದೆ, ಪಾಸ್‌ಬುಕ್ಕಿನಲ್ಲಿ ಮುದ್ರಣವಾಗುವುದಿಲ್ಲ. ನಿಧಾನವೂ ಆಗಿಲ್ಲದ ಕಾಲ ಇತ್ತು ಎಂಬುದು ಬೇರೆ ಮಾತು. 1923ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಿತ್ತು. ಅಲ್ಲಿನ ಮಕ್ಕಳ ಉಳಿತಾಯದ ಪುಸ್ತಕಗಳಲ್ಲೂ ಅಂಕಿಗಳು ಅಳಿಸದೆ ಹಾಗೇ ಇದ್ದವು.

ಈಗ ಬೀಗರ ಮನೆ. ಬೀಗರು ನನಗಿಂತ ಧೈರ್ಯವಂತರು, ಓದಿಕೊಂಡವರು. ಮಗ 1990ರಲ್ಲಿ ಹುಟ್ಟಿದಾಗಿನಿಂದ ಷೇರುಗಳಲ್ಲೇ ಹಾಕುತ್ತ ಬಂದರು. ನಿಮ್ಮ ಲೇಖಕರು ಹೇಳಿದ ಎಲ್ಲವನ್ನೂ ಅವರು ಆಗಲೇ ಮಾಡಿದ್ದರು: ಬೇಗ ಶುರು, ದೀರ್ಘ ಅವಧಿ, ಬಿದ್ದಾಗ ಮಾರದಿರುವುದು. ಹದಿನೇಳು ವರ್ಷ ಅದು ಚೆನ್ನಾಗಿಯೇ ನಡೆಯಿತು. 2007ರ ಕೊನೆಯಲ್ಲಿ ಅವರ ಕೈಯಲ್ಲಿದ್ದದ್ದು ಮಗನ ಓದಿಗೆ ಬೇಕಾದದ್ದರ ಹೆಚ್ಚುಕಡಿಮೆ ಎರಡರಷ್ಟು. ಆಗಲೇ ತೆಗೆದಿಡಬಹುದಿತ್ತಲ್ಲ ಎಂದು ನಾವೀಗ ಸುಲಭವಾಗಿ ಹೇಳುತ್ತೇವೆ. ಏರುತ್ತಿರುವುದನ್ನು ಯಾರು ಕೈಬಿಡುತ್ತಾರೆ? ಇನ್ನೆರಡು ತಿಂಗಳು ನೋಡೋಣ ಎಂದರು. ಮುಂದಿನ ವರ್ಷ ಇಳಿಯತೊಡಗಿದಾಗ, ಈಗ ಮಾರಿದರೆ ನಷ್ಟ, ಇನ್ನೆರಡು ತಿಂಗಳು ನೋಡೋಣ ಎಂದರು. 2008ರ ಸೆಪ್ಟೆಂಬರ್ 15ರಂದು ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿ ಅರ್ಜಿ ಹಾಕಿತು. ಆಮೇಲೆ ಲೋಕದ ಷೇರುಪೇಟೆಗಳೆಲ್ಲ ಕುಸಿದದ್ದು ಎಲ್ಲರಿಗೂ ಗೊತ್ತು. ಮಗನಿಗೆ ಹದಿನೆಂಟು ತುಂಬಿತ್ತು, ಪ್ರವೇಶದ ಶುಲ್ಕಕ್ಕೆ ಕೊನೆಯ ದಿನ ನಿಗದಿಯಾಗಿತ್ತು. ಮಾರಿದರು. ಬಂದದ್ದು ಒಂದು ವರ್ಷದ ಹಿಂದೆ ಇದ್ದದ್ದರ ಅರ್ಧಕ್ಕಿಂತ ಕಡಿಮೆ.

ಅಳಿಯ ಈ ಕಥೆ ಹೇಳುವಾಗ ನಷ್ಟದ ಮೊತ್ತ ಹೇಳುವುದಿಲ್ಲ. ಅಪ್ಪ ಆ ಮೂರು ತಿಂಗಳು ಬೆಳಗಿನ ಪತ್ರಿಕೆಯ ಷೇರು ಪುಟವನ್ನು ಮಡಚಿ ಒಳಗೆ ಸೇರಿಸಿಟ್ಟು ಉಳಿದ ಪುಟಗಳನ್ನು ಮಾತ್ರ ಓದುತ್ತಿದ್ದರು ಎಂದು ಹೇಳುತ್ತಾರೆ. ಮತ್ತೆ, ಮಾರಿದ ಎರಡು ವರ್ಷದಲ್ಲಿ ಆ ಷೇರುಗಳೇ ಬಹುಪಾಲು ಚೇತರಿಸಿಕೊಂಡದ್ದನ್ನು. ಪೇಟೆಗೆ ಕಾಯುವ ತಾಳ್ಮೆ ಇತ್ತು, ಪ್ರವೇಶದ ದಿನಕ್ಕೆ ಇರಲಿಲ್ಲ.

ಹೀಗೆ, ಠೇವಣಿಯಿಂದ ಏಟು ತಿಂದವಳು ಷೇರು ಎನ್ನುತ್ತಾಳೆ, ಷೇರಿನಿಂದ ಏಟು ತಿಂದವರು ಠೇವಣಿ ಎನ್ನುತ್ತಾರೆ. ಹೆಣೆದ ಕಥೆಯಂತೆ ಕಾಣುತ್ತದೆ, ಆದರೆ ಬಹಳ ಮನೆಗಳಲ್ಲಿ ಗಂಡ ಹೆಂಡತಿಯ ದುಡ್ಡಿನ ಜಗಳ ಇಂಥದ್ದೇ ಎಂದು ನನ್ನ ಗುಮಾನಿ. ಜಗಳ ಅವರದ್ದಲ್ಲ, ಅವರ ಅಪ್ಪ ಅಮ್ಮಂದಿರದ್ದು.

ದೀರ್ಘಾವಧಿಯಲ್ಲಿ ಪೇಟೆ ಏರಿಯೇ ಏರುತ್ತದೆ ಎಂಬ ಮಾತನ್ನು ನಿಮ್ಮ ಲೇಖಕರು ಮೂರು ಸಲ ಬರೆದಿದ್ದಾರೆ. ದೀರ್ಘ ಎಂದರೆ ಎಷ್ಟು? ದೊಡ್ಡ ಕಂಪನಿಗಳ ಷೇರು ಬೆಲೆಯ ಏರಿಳಿತ ತೋರಿಸುವ ಅಮೆರಿಕದ ಡೌ ಜೋನ್ಸ್ ಸೂಚ್ಯಂಕ 1929ರ ಸೆಪ್ಟೆಂಬರಿನಲ್ಲಿ 381 ಮುಟ್ಟಿ, 1932ರ ಜುಲೈನಲ್ಲಿ 41ಕ್ಕೆ ಬಿದ್ದು, ಹಳೆಯ ಎತ್ತರಕ್ಕೆ ಮರಳಿದ್ದು 1954ರ ನವೆಂಬರಿನಲ್ಲಿ. ಜಪಾನಿನ ನಿಕ್ಕೈ ಇನ್ನೂ ಕಟುವಾದ ಪಾಠ. 1989ರ ಡಿಸೆಂಬರ್ 29ರಂದು 38,915ಕ್ಕೆ ಮುಗಿದ ಸೂಚ್ಯಂಕ ಆ ಅಂಕಿಯನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿ 22ರಂದು. ಆ ಡಿಸೆಂಬರಿನಲ್ಲಿ ಹುಟ್ಟಿದ ಜಪಾನಿ ಕೂಸಿನ ಹೆಸರಿನಲ್ಲಿ ಅಜ್ಜಿಯೊಬ್ಬಳು ನೂರು ಹಾಕಿಟ್ಟಿದ್ದಳು ಎನ್ನಿ. ಕೂಸಿಗೆ ಹದಿನೆಂಟಾದ 2007ರ ಕೊನೆಯಲ್ಲಿ ನಿಕ್ಕೈ ಇದ್ದದ್ದು 15,300ರ ಆಸುಪಾಸು. ಲಾಭಾಂಶ ಬಿಟ್ಟರೆ ಅಜ್ಜಿಯ ನೂರು ಮೂವತ್ತೊಂಬತ್ತು ಆಗಿತ್ತು. ತಿಂಗಳು ತಿಂಗಳು ಹಾಕುತ್ತ ಬಂದವರಿಗೆ, ಒಂದೇ ದೇಶದ ಷೇರಿಗೆ ಅಂಟಿಕೊಳ್ಳದವರಿಗೆ ಪೆಟ್ಟು ಇಷ್ಟಿರಲಿಲ್ಲ ಎಂಬುದೂ ನಿಜ. ನಾನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಹದಿನೆಂಟು ವರ್ಷ ದೊಡ್ಡ ಅವಧಿ ಎಂಬುದು ಮೊದಲ ದಿನ ಮಾತ್ರ ಸತ್ಯ. ಮಗುವಿಗೆ ಹದಿನಾರಾದ ದಿನ ಆ ಅವಧಿ ಎರಡೇ ವರ್ಷ.

ಹಾಗೆಂದು ಅಳಿಯನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎಂಟು ತಿಂಗಳ ಮಗುವಿನ ದುಡ್ಡಿಗೆ ಪೇಟೆ ಬೀಳುವುದು ಕೆಟ್ಟ ಸುದ್ದಿಯೇ ಅಲ್ಲ. ಇದನ್ನು ಅವರಿಗೆ ಹಾಳೆಯ ಮೇಲೆ ಬರೆದು ತೋರಿಸಿದೆ. ಷೇರು ಫಂಡಿನ ಒಂದು ಪಾಲಿಗೆ, ಅಂದರೆ ಒಂದು ಯೂನಿಟ್ಟಿಗೆ, 20 ಇದ್ದಾಗ ಸಾವಿರ ಹಾಕಿದರೆ 50 ಯೂನಿಟ್ ಬರುತ್ತದೆ. ಪೇಟೆ ಅರ್ಧಕ್ಕೆ ಬಿದ್ದು ಯೂನಿಟ್ 10 ಆದಾಗ ಇನ್ನೊಂದು ಸಾವಿರ ಹಾಕಿದರೆ 100 ಬರುತ್ತದೆ. ಒಟ್ಟು ಎರಡು ಸಾವಿರಕ್ಕೆ 150 ಯೂನಿಟ್, ಸರಾಸರಿ ಒಂದಕ್ಕೆ 13 ಚಿಲ್ಲರೆ. ಬೆಲೆ ಇಪ್ಪತ್ತಕ್ಕೆ ಮರಳುವುದೇ ಬೇಡ, 15ಕ್ಕೆ ಬಂದರೆ ಸಾಕು, ಲಾಭ. 2020ರ ಫೆಬ್ರುವರಿ, ಮಾರ್ಚ್‌ನಲ್ಲಿ ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ ತಿಂಗಳೊಪ್ಪತ್ತಿನಲ್ಲಿ ಶೇ 34 ಬಿದ್ದು, ಆಗಸ್ಟ್ ಹೊತ್ತಿಗೆ ಹಳೆಯ ಎತ್ತರಕ್ಕೆ ಬಂದಿತ್ತು. ತೊಟ್ಟಿಲ ಮಗುವಿನ ಖಾತೆಗೆ ಅದು ಅಗ್ಗದ ಮಾಲು ಸಿಕ್ಕ ಕಾಲ. ಅದೇ ಬೇಸಿಗೆಯಲ್ಲಿ ಶುಲ್ಕ ಕಟ್ಟಬೇಕಾದ ಮಗುವಿನ ಮನೆಯಲ್ಲಿ ಅದು ಬೀಗರ 2008. ಪೇಟೆ ಒಂದೇ, ಕುಸಿತ ಒಂದೇ, ಮಕ್ಕಳ ವಯಸ್ಸು ಬೇರೆ. ಈ ಸಾಲು ಓದಿ ಅಳಿಯ ಮೊದಲ ಬಾರಿಗೆ 'ಹೌದಲ್ಲ ಅತ್ತೆ' ಎಂದರು.

ಒಂದು ಉಪಕಥೆ. ಮಕ್ಕಳ ದುಡ್ಡಿನ ಲೇಖನ ಎಂದರೆ ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಬರಲೇಬೇಕು, ಹನ್ನೊಂದನೇ ವಯಸ್ಸಿಗೇ ಷೇರು ಕೊಂಡರು ಎಂದು. ನಿಮ್ಮಲ್ಲೂ ಬಂದಿದ್ದರು. ಉಳಿದರ್ಧ ಯಾರೂ ಬರೆಯುವುದಿಲ್ಲ. 1942ರಲ್ಲಿ ಆ ಹುಡುಗ ಸಿಟೀಸ್ ಸರ್ವೀಸ್ ಎಂಬ ಕಂಪನಿಯ ಷೇರನ್ನು 38 ಡಾಲರ್ ಚಿಲ್ಲರೆಯಂತೆ ತನಗೆ ಮೂರು, ಅಕ್ಕನಿಗೆ ಮೂರು ಕೊಂಡ. ಅದು 27ಕ್ಕೆ ಬಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಅಕ್ಕ ದಿನವೂ ನೆನಪಿಸುತ್ತಿದ್ದಳು. ಬೆಲೆ 40 ಆದದ್ದೇ ತಡ, ಮಾರಿ ಕೈತೊಳೆದುಕೊಂಡ. ಆಮೇಲೆ ಅದು 200 ದಾಟಿತು. ಸ್ವಂತ ದುಡ್ಡು ಬೀಳುವುದನ್ನು ಸಹಿಸಿಕೊಳ್ಳಬಹುದು. ಇನ್ನೊಬ್ಬರ ದುಡ್ಡು ನಮ್ಮ ಕೈಯಲ್ಲಿ ಬೀಳುವುದನ್ನು ಬಫೆಟ್‌ಗೂ ಸಹಿಸಲು ಆಗಲಿಲ್ಲ. ಮಗುವಿನ ದುಡ್ಡು ಇನ್ನೊಬ್ಬರ ದುಡ್ಡೇ. ಹೆದರಬೇಡಿ ಎಂದು ಬರೆದರೆ ಹೆದರಿಕೆ ಹೋಗುವುದಿಲ್ಲ. ಬಿದ್ದ ದಿನ ಏನು ಮಾಡಬೇಕು ಎಂದು ಮೊದಲೇ ಬರೆದಿಟ್ಟಿದ್ದರೆ ಸ್ವಲ್ಪ ಹೋಗುತ್ತದೆ.

ಹೀಗೆ ಬರೆದಿಡುವ ಉಪಾಯ ನನ್ನ ತಲೆಯಿಂದ ಬಂದದ್ದಲ್ಲ. ಬ್ರಿಟನ್ನಿನಲ್ಲಿ 2002ರ ಸೆಪ್ಟೆಂಬರ್ 1ರಿಂದ 2011ರ ಜನವರಿ 2ರ ನಡುವೆ ಹುಟ್ಟಿದ ಮಕ್ಕಳಿಗೆ ಚೈಲ್ಡ್ ಟ್ರಸ್ಟ್ ಫಂಡ್ ಎಂಬ ಯೋಜನೆ ಇತ್ತು. ಮೊದಮೊದಲು ಸರಕಾರವೇ ಪ್ರತಿ ಮಗುವಿಗೆ 250 ಪೌಂಡ್, ಬಡವರ ಮನೆಯ ಮಗುವಿಗೆ 500 ಪೌಂಡ್ ಕೊಡುತ್ತಿತ್ತು. ತಂದೆ ತಾಯಿ ನಗದು ಖಾತೆಯನ್ನೂ ಆರಿಸಬಹುದಿತ್ತು, ಷೇರಿನ ಖಾತೆಯನ್ನೂ ಆರಿಸಬಹುದಿತ್ತು. ಏನೂ ಮಾಡದೆ ವರ್ಷ ಕಳೆದರೆ ಸರಕಾರವೇ 'ಸ್ಟೇಕ್‌ಹೋಲ್ಡರ್' ಎಂಬ ಷೇರಿನ ಖಾತೆಗೆ ಹಾಕಿಬಿಡುತ್ತಿತ್ತು. ಆ ಖಾತೆಗೆ ಎರಡು ನಿಯಮ. ವಾರ್ಷಿಕ ವೆಚ್ಚ ಶೇ 1.5 ಮೀರಬಾರದು. ಮಗುವಿಗೆ ಹದಿಮೂರಾದಾಗಿನಿಂದ ದುಡ್ಡನ್ನು ಕಡಿಮೆ ಅಪಾಯದ ಕಡೆಗೆ ಸರಿಸುತ್ತ ಬರಬೇಕು. ಎರಡನೆಯ ನಿಯಮ ಓದಿದಾಗ ನನಗೆ ಬೀಗರ ನೆನಪಾಯಿತು. ಹದಿಮೂರು ಎಂಬ ಅಂಕಿ ಅವರ ಮನೆಯ ಗೋಡೆಯ ಮೇಲೆ ಬರೆದಿದ್ದರೆ ಸಾಕಿತ್ತು. 2011ರ ನವೆಂಬರಿನಲ್ಲಿ ಅದರ ಜಾಗಕ್ಕೆ ಜೂನಿಯರ್ ಐಸಾ ಎಂಬ ಮಕ್ಕಳ ಉಳಿತಾಯ ಖಾತೆ ಬಂತು. ಅಲ್ಲೂ ನಗದು, ಷೇರು ಎರಡೂ ಇವೆ, ಯಾವಾಗ ಇಳಿಯಬೇಕು ಎಂಬುದು ಹೆತ್ತವರ ತಲೆನೋವು.

ನಮ್ಮ ಮನೆಯ ಒಪ್ಪಂದ ಹೀಗಿದೆ. ಹನ್ನೆರಡು ಮುಗಿಯುವ ತನಕ ಬಂದದ್ದೆಲ್ಲ ಕಡಿಮೆ ಖರ್ಚಿನ ಇಂಡೆಕ್ಸ್ ಫಂಡಿಗೆ, ಅಂದರೆ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡಿಗೆ. ಹದಿಮೂರನೆಯ ಹುಟ್ಟುಹಬ್ಬಕ್ಕೆ ಇದ್ದದ್ದರ ಐದರಲ್ಲೊಂದು ಪಾಲು ತೆಗೆದು ಠೇವಣಿಗೆ. ಹದಿನಾಲ್ಕಕ್ಕೆ ಉಳಿದದ್ದರ ನಾಲ್ಕರಲ್ಲೊಂದು, ಹದಿನೈದಕ್ಕೆ ಮೂರರಲ್ಲೊಂದು, ಹದಿನಾರಕ್ಕೆ ಅರ್ಧ, ಹದಿನೇಳಕ್ಕೆ ಉಳಿದದ್ದೆಲ್ಲ. ಯೂನಿಟ್ಟಿನ ಲೆಕ್ಕದಲ್ಲಿ ಐದು ವರ್ಷವೂ ಸಮಪಾಲು, ಬೇಕಾದವರು ಗುಣಿಸಿ ನೋಡಿ. ಹದಿಮೂರರ ಮೇಲೆ ಹೊಸದಾಗಿ ಕೂಡಿಸುವುದೆಲ್ಲ ನೇರ ಠೇವಣಿಗೆ. ಹದಿನಾರರ ಪಾಲು ತೆಗೆದ ಮರುದಿನವೇ ಪೇಟೆ ಅರ್ಧಕ್ಕೆ ಬಿದ್ದರೂ ಪೆಟ್ಟು ಐದರಲ್ಲೊಂದು ಪಾಲಿಗೆ ಮಾತ್ರ. ಆ ಐದು ವರ್ಷ ಪೇಟೆ ಏರುತ್ತಲೇ ಹೋದರೆ ಲಾಭ ಕೈತಪ್ಪುತ್ತದಲ್ಲ ಎಂದು ಮಗಳು ಕೇಳಿದಳು. ತಪ್ಪುತ್ತದೆ. ತಪ್ಪಲಿ.

ಪೂರ್ತಿ ಒಮ್ಮತವಾಗಿದೆ ಎಂದು ತಿಳಿಯಬೇಡಿ. ಹದಿಮೂರನೆಯ ಹುಟ್ಟುಹಬ್ಬದ ಹೊತ್ತಿಗೇ ಪೇಟೆ ಬಿದ್ದಿದ್ದರೆ ಆ ವರ್ಷ ಬಿಟ್ಟು ಮುಂದಿನ ವರ್ಷ ಎರಡು ಪಾಲು ತೆಗೆಯೋಣ ಎನ್ನುತ್ತಾಳೆ ಮಗಳು. ಅಳಿಯ ಬೇಡವೇ ಬೇಡ ಎನ್ನುತ್ತಾರೆ. ನಾನು ಅಳಿಯನ ಪಕ್ಷ. 'ಮುಂದಿನ ವರ್ಷ' ಎಂಬುದು 'ಇನ್ನೆರಡು ತಿಂಗಳು' ಎಂಬುದರ ಅಣ್ಣ.

ವೆಚ್ಚದ ಬಗ್ಗೆ ನಿಮ್ಮ ಲೇಖಕರು ಮೌನವಾಗಿರುವುದು ನನಗೆ ಸರಿಬರಲಿಲ್ಲ. ಎಪ್ಪತ್ತೆರಡನ್ನು ಬಡ್ಡಿ ದರದಿಂದ ಭಾಗಿಸಿದರೆ ದುಡ್ಡು ಎರಡರಷ್ಟಾಗುವ ವರ್ಷ ಸಿಗುತ್ತದೆ. 1494ರಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗಣಿತದ ಗ್ರಂಥದಲ್ಲೇ ಈ ಲೆಕ್ಕ ಇದೆ. ಶೇ 8ರಂತೆ ಒಂಬತ್ತು ವರ್ಷಕ್ಕೆ ಎರಡರಷ್ಟು, ಹದಿನೆಂಟಕ್ಕೆ ನಾಲ್ಕರಷ್ಟು. ಫಂಡಿನವರು ವರ್ಷಕ್ಕೆ ಶೇ 1 ಹಿಡಿದುಕೊಂಡರೆ ಕೈಗೆ ಬರುವ ದರ 7, ನೂರು ನಾನೂರಾಗುವ ಬದಲು 338 ಆಗುತ್ತದೆ. ಒಂದು ಶೇಕಡಾ ತಾನೇ ಎಂದು ಏಜೆಂಟರು ಹೇಳುವಾಗ ಈ ಅರವತ್ತೆರಡನ್ನು ಜ್ಞಾಪಿಸಿಕೊಳ್ಳಬೇಕು. ಮಕ್ಕಳ ಚಿತ್ರ ಹಾಕಿ ಮಾರುವ ಯೋಜನೆಗಳಲ್ಲಿ ಈ ಅಂಕಿ ಹುಡುಕಲು ನನಗೆ ಭೂತಕನ್ನಡಿಯೇ ಬೇಕಾಯಿತು, ವಯಸ್ಸಿನ ಕಾರಣಕ್ಕಲ್ಲ.

ಇನ್ನೊಂದು ಚಿಕ್ಕ ಮಾತು. ಮಗುವಿನ ಹೆಸರಿನಲ್ಲೇ ಇಟ್ಟರೆ, ಪ್ರಾಯಕ್ಕೆ ಬಂದ ದಿನ ದುಡ್ಡು ಅದರದ್ದು. ನಾವು ಓದಿಗೆಂದು ಇಟ್ಟದ್ದರಲ್ಲಿ ಅದು ಬೈಕು ಕೊಂಡರೂ ಕೇಳುವಂತಿಲ್ಲ. ಅದಕ್ಕಿಂತ ಹೆಚ್ಚಿಗೆ ನಡೆಯುವುದು ಬೇರೆ: ಇಟ್ಟದ್ದೇ ಮರೆತುಹೋಗುವುದು. ಮೇಲೆ ಹೇಳಿದ ಬ್ರಿಟನ್ನಿನ ಖಾತೆಗಳು 2020ರ ಸೆಪ್ಟೆಂಬರಿನಿಂದ ಮಾಗತೊಡಗಿದವು. 2024ರಲ್ಲೂ ಹದಿನೆಂಟು ದಾಟಿದ 6 ಲಕ್ಷಕ್ಕೂ ಹೆಚ್ಚು ಮಂದಿ ತಮ್ಮ ದುಡ್ಡು ಕೇಳಿಕೊಂಡು ಬಂದಿರಲಿಲ್ಲ. ಹೆತ್ತವರು ಎಲ್ಲೋ ಬರೆದಿಟ್ಟರು, ಆ ಎಲ್ಲೋ ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ.

ಹಾಗಾಗಿ ನಿಮ್ಮ ಲೇಖಕರಲ್ಲಿ ಒಂದು ಕೋರಿಕೆ: ಮುಂದಿನ ಕಂತಿನಲ್ಲಿ ಹತ್ತರಿಂದ ಹದಿನೆಂಟರ ನಡುವಿನ ಮಕ್ಕಳಿರುವ ಮನೆಗಳಿಗಾಗಿ ಬರೆಯಲಿ. ಬೇಗ ಶುರು ಮಾಡಿ ಎಂಬ ಸಲಹೆಯನ್ನು ಆ ಮನೆಗಳವರು ಆಗಲೇ ಪಾಲಿಸಿದ್ದಾರೆ. ಅವರಿಗೆ ಈಗ ಬೇಕಾದದ್ದು ಇಳಿಯುವ ದಾರಿ.

ಮೊಮ್ಮಗಳಿಗೆ ಹದಿಮೂರು ತುಂಬುವಾಗ ನನಗೆ ಎಂಬತ್ತೊಂದು. ಇದ್ದರೆ ನಾನೇ ನೆನಪಿಸುತ್ತೇನೆ. ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಈ ಸಲ ಐದು ಕಾಲಮ್ಮು ಎಳೆದು, ಕೆಳಗೆ ಐದು ಹುಟ್ಟುಹಬ್ಬಗಳ ದಿನಾಂಕ, ಎದುರಿಗೆ ಐದನೇ ಒಂದು, ನಾಲ್ಕನೇ ಒಂದು ಎಂದು ಕೆಂಪು ಶಾಯಿಯಲ್ಲಿ ಬರೆದು, ಮೂವರ ಸಹಿಗೆ ಜಾಗ ಬಿಟ್ಟಿದ್ದೇನೆ. ನಾನು ಸಹಿ ಹಾಕಿದೆ. ಅಳಿಯ ಸಹಿ ಹಾಕಿ ಫೋನಿನಲ್ಲಿ ಒಂದು ಫೋಟೊವನ್ನೂ ತೆಗೆದುಕೊಂಡರು. ಮಗಳು ಹದಿಮೂರನೆಯ ವರ್ಷದ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, 'ನಾಳೆ ನೋಡೋಣಮ್ಮ' ಎಂದು ಮಗುವನ್ನು ಎತ್ತಿಕೊಂಡು ಹೋದಳು.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ